ಬಾಗಿಲಿಗೆ ಗೊತ್ತಿರುವುದು ಸಂಖ್ಯೆ ಮಾತ್ರ

ಹಲವು ಮನೆಗಳಿರುವ ಕಟ್ಟಡದ ಮುಖ್ಯ ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಡಬ್ಬಿ. ಕೀಲಿಗೊಂಚಲಿನಲ್ಲಿ ತೂಗುವ ಪ್ಲಾಸ್ಟಿಕ್ ಬಿಲ್ಲೆಯನ್ನು ಅದರ ಮುಂದೆ ಹಿಡಿದರೆ ‘ಬೀಪ್’ ಎನ್ನುತ್ತದೆ, ಬಾಗಿಲು ಸಡಿಲಗೊಳ್ಳುತ್ತದೆ. ಆ ಬಿಲ್ಲೆಯೇ ಫಾಬ್. ದಿನಕ್ಕೆ ಹತ್ತಾರು ಸಲ ಬಳಸುವವರೂ ಅದನ್ನು ಹೊಸ ಕಾಲದ ಬೀಗದ ಕೈ ಎಂದಷ್ಟೇ ತಿಳಿದಿರುತ್ತಾರೆ. ಫಾಬ್ ವಿಷಯದಲ್ಲಿ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ತಿಳಿವಳಿಕೆಯಿಂದಲೇ. ಲೋಹದ ಕೀಲಿ ತನ್ನ ಹಲ್ಲುಗಳ ಆಕಾರದಿಂದ ಬೀಗವನ್ನು ತಾನೇ ತೆಗೆಯುತ್ತದೆ. ಫಾಬ್ ಏನನ್ನೂ ತೆಗೆಯುವುದಿಲ್ಲ. ಕೇಳಿದಾಗ ಒಂದು ಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆಗೆ ಬಾಗಿಲು ಬಿಡಬೇಕೇ ಬೇಡವೇ ಎಂದು ತೀರ್ಮಾನಿಸುವುದು ಗೋಡೆಯ ಹಿಂದೆಲ್ಲೋ ಇರುವ ಒಂದು ಪಟ್ಟಿ. ಬಿಲ್ಲೆ ಯಾರ ಕೈಯಲ್ಲಿದೆ ಎಂಬುದು ಬಾಗಿಲಿಗೂ ಗೊತ್ತಿಲ್ಲ, ಪಟ್ಟಿಗೂ ಗೊತ್ತಿಲ್ಲ.

ಫಾಬ್ ಬಳಸುವುದಕ್ಕೆ ಇರುವ ಎಲ್ಲ ನಿಯಮಗಳೂ ಈ ಒಂದು ಸಂಗತಿಯಿಂದ ಹುಟ್ಟಿದವು. ಸಂಖ್ಯೆಗೂ ಮನುಷ್ಯನಿಗೂ ಇರುವ ನಂಟನ್ನು ಯಂತ್ರ ಕಾಪಾಡುವುದಿಲ್ಲ, ಅಲ್ಲಿ ವಾಸಿಸುವವರು ಕಾಪಾಡಬೇಕು.

ಹಳೆಯ ಫಾಬ್ ಒಂದನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ಎರಡೇ ವಸ್ತು: ಸುತ್ತು ಸುತ್ತಾಗಿ ಸುರುಳಿ ಹಾಕಿದ ಬಹಳ ತೆಳುವಾದ ತಾಮ್ರದ ತಂತಿ, ಅದರ ಎರಡು ತುದಿಗಳಿಗೆ ಬೆಸೆದ ಎಳ್ಳು ಕಾಳಿನಷ್ಟು ಚಿಪ್. ಬ್ಯಾಟರಿ ಇಲ್ಲ. ಹಾಗಾದರೆ ಚಿಪ್‌ಗೆ ವಿದ್ಯುತ್ ಎಲ್ಲಿಂದ ಬರುತ್ತದೆ? ಗೋಡೆಯ ಡಬ್ಬಿಯಿಂದಲೇ. ಆ ಡಬ್ಬಿಯನ್ನು ರೀಡರ್ ಎನ್ನುತ್ತಾರೆ. ಅದರೊಳಗೂ ಒಂದು ಸುರುಳಿ ಇದ್ದು, ತನ್ನ ಸುತ್ತ ಸದಾ ಬದಲಾಗುತ್ತಿರುವ ಕಾಂತಕ್ಷೇತ್ರವೊಂದನ್ನು ಹರಡಿಕೊಂಡಿರುತ್ತದೆ. ಬದಲಾಗುವ ಕಾಂತಕ್ಷೇತ್ರದೊಳಗೆ ತಂತಿಯ ಸುರುಳಿ ಬಂದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಿದ್ದರು. ಫಾಬ್ ಹತ್ತಿರ ಬಂದ ಕ್ಷಣ ಚಿಪ್ ಎಚ್ಚರಗೊಂಡು, ಅದೇ ಕ್ಷೇತ್ರದ ಮೇಲೆ ತಾನು ಹಾಕುವ ಹೊರೆಯನ್ನು ಏರಿಳಿಸುತ್ತ ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಈ ಏರಿಳಿತವನ್ನು ರೀಡರ್ ಓದಿಕೊಳ್ಳುತ್ತದೆ. ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಹಿಡಿದರೆ ಮಾತ್ರ ಕೆಲಸ ಮಾಡುವುದು ಇದೇ ಕಾರಣಕ್ಕೆ. ಕ್ಷೇತ್ರದ ಬಲ ದೂರಕ್ಕೆ ಹೋದಂತೆ ಬಹಳ ಬೇಗ ಕುಗ್ಗುತ್ತದೆ. ಕೀಲಿಯಿಲ್ಲದೆ ಹೀಗೆ ಬಾಗಿಲು ತೆರೆಯುವ ಏರ್ಪಾಡಿಗೆ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವಾಲ್ಟನ್ ಪೇಟೆಂಟ್ ಪಡೆದದ್ದು 1973ರಲ್ಲಿ.

ಬ್ಯಾಟರಿಯೇ ಇಲ್ಲದ ವಸ್ತುವಾದ್ದರಿಂದ ಫಾಬ್‌ಗೆ ವಯಸ್ಸಾಗುವುದು ಕಡಿಮೆ. ಮಳೆಯಲ್ಲಿ ನೆನೆದರೆ, ಅಯಸ್ಕಾಂತದ ಪಕ್ಕದಲ್ಲಿಟ್ಟರೆ ಹಾಳಾಗುತ್ತದೆ ಎಂಬ ಹೆದರಿಕೆ ಬೆನ್ನ ಮೇಲೆ ಕಪ್ಪು ಕಾಂತಪಟ್ಟಿ ಇರುತ್ತಿದ್ದ ಹಳೆಯ ಕಾರ್ಡ್‌ಗಳ ಕಾಲದ್ದು. ತಂತಿಯೋ ಚಿಪ್ಪೋ ಮುರಿದರೆ ಕಥೆ ಮುಗಿಯುತ್ತದೆ. ಕಾರ್ಡ್ ರೂಪದಲ್ಲಿದ್ದರೆ ಕೊರಳಪಟ್ಟಿ ಸಿಕ್ಕಿಸಲೆಂದು ತಾವೇ ತೂತು ಹೊಡೆಯುವವರಿದ್ದಾರೆ. ತೂತು ಸುರುಳಿಯ ಮೇಲೆ ಬಿದ್ದರೆ ಕಾರ್ಡ್ ಅಲ್ಲಿಗೇ ಸತ್ತಿತು. ಒಂದೇ ಗೊಂಚಲಿನಲ್ಲಿ ಎರಡು ಕಟ್ಟಡಗಳ ಫಾಬ್‌ಗಳಿದ್ದರೆ ಎರಡೂ ಒಟ್ಟಿಗೆ ಉತ್ತರಿಸಲು ಹೋಗಿ ರೀಡರ್ ಯಾವುದನ್ನೂ ಓದದಿರುವುದುಂಟು. ಬಾಗಿಲು ಕೆಟ್ಟಿದೆ ಎಂದು ದೂರುವ ಮೊದಲು ಒಂದನ್ನು ಬೇರ್ಪಡಿಸಿ ಹಿಡಿದು ನೋಡುವುದು ಒಳ್ಳೆಯದು.

ರೀಡರ್ ಓದಿದ ಸಂಖ್ಯೆ ತಂತಿಯ ಮೂಲಕ ಕಂಟ್ರೋಲರ್ ಎಂಬ ಪೆಟ್ಟಿಗೆಗೆ ಹೋಗುತ್ತದೆ. ಇಂದಿಗೂ ಬಹಳಷ್ಟು ಕಟ್ಟಡಗಳಲ್ಲಿ ಈ ಸಂಭಾಷಣೆ ನಡೆಯುವುದು ವೀಗಂಡ್ ಎಂಬ ಹಳೆಯ ಪದ್ಧತಿಯಲ್ಲಿ. ಅದರ ಸಾಮಾನ್ಯ ರೂಪದಲ್ಲಿ ಒಟ್ಟು 26 ಬಿಟ್‌ಗಳು, ಅಂದರೆ ಸೊನ್ನೆ ಅಥವಾ ಒಂದು ಎಂಬ ಅಂಕಿಗಳು, ಇರುತ್ತವೆ: 8 ಬಿಟ್ ಕಟ್ಟಡದ ಸಂಕೇತಕ್ಕೆ, 16 ಬಿಟ್ ಫಾಬ್ ಸಂಖ್ಯೆಗೆ, ಉಳಿದ ಎರಡು ತಪ್ಪು ತಪಾಸಣೆಗೆ. ಅಂದರೆ 256 ಕಟ್ಟಡ ಸಂಕೇತಗಳು, ಒಂದೊಂದಕ್ಕೂ 65,536 ಫಾಬ್ ಸಂಖ್ಯೆಗಳು. ಪಾಸ್‌ವರ್ಡ್ ಇಲ್ಲ, ಗೂಢಲಿಪಿ ಇಲ್ಲ. ಕೆಲವು ಫಾಬ್‌ಗಳ ಬೆನ್ನ ಮೇಲೆ ಈ ಸಂಖ್ಯೆಯನ್ನು ಅಚ್ಚು ಹಾಕಿಯೇ ಕೊಟ್ಟಿರುತ್ತಾರೆ. ಹೊಸ ಮನೆಗೆ ಬಂದ ಸಂಭ್ರಮದಲ್ಲಿ ಕೀಲಿಗೊಂಚಲನ್ನು ಅಂಗೈಯಲ್ಲಿಟ್ಟು ತೆಗೆದ ಚಿತ್ರವನ್ನು ಊರಿಗೆಲ್ಲ ಹಂಚುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಕಂಟ್ರೋಲರ್ ತನ್ನ ಪಟ್ಟಿಯನ್ನು ನೋಡುತ್ತದೆ. ಈ ಸಂಖ್ಯೆ ಇದೆಯೇ? ಈ ಬಾಗಿಲಿಗೆ ಅನುಮತಿ ಇದೆಯೇ? ಈ ಹೊತ್ತಿನಲ್ಲಿ ಇದೆಯೇ? ಎಲ್ಲಕ್ಕೂ ಹೌದು ಎಂದಾದರೆ ಬೀಗಕ್ಕೆ ಸಂಕೇತ ಹೋಗುತ್ತದೆ, ದಾಖಲೆಯಲ್ಲಿ ಒಂದು ಸಾಲು ಸೇರುತ್ತದೆ. ಆ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ‘23:47, ಮುಖ್ಯ ಬಾಗಿಲು, ಫಾಬ್ 02093, ಮನೆ 304, ಪ್ರವೇಶ ನೀಡಲಾಗಿದೆ.’ ಗಮನಿಸಿ, ಯಾರು ಬಂದರು ಎಂಬುದು ಎಲ್ಲೂ ಇಲ್ಲ. ಆದರೂ ಓದಿದವರೆಲ್ಲ 304ನೇ ಮನೆಯವರು ಬಂದರು ಎಂದೇ ಅರ್ಥ ಮಾಡಿಕೊಳ್ಳುತ್ತಾರೆ.

ಫಾಬ್‌ಗಳಲ್ಲಿ ಎರಡು ಮುಖ್ಯ ವಂಶಗಳಿವೆ. ಮೊದಲನೆಯದು 125 ಕಿಲೋಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುವಂಥದ್ದು. ಇಎಂ4100 ಎಂಬ ಚಿಪ್ ಈ ವಂಶದ ಹಿರಿಯ. ಅದರಲ್ಲಿ ಒಟ್ಟು 64 ಬಿಟ್‌ಗಳು, ಅದರೊಳಗೆ ಗುರುತಿನ ಸಂಖ್ಯೆಗೆ 40. ಯಾರು ಕ್ಷೇತ್ರ ಒಡ್ಡಿದರೂ ಅದು ತನ್ನ ಸಂಖ್ಯೆಯನ್ನು ಒದರುತ್ತಲೇ ಇರುತ್ತದೆ. ಕೇಳುತ್ತಿರುವುದು ಕಟ್ಟಡದ ರೀಡರೋ ಅಪರಿಚಿತನ ಜೇಬಿನಲ್ಲಿರುವ ಯಂತ್ರವೋ ಎಂದು ಪರೀಕ್ಷಿಸುವ ಶಕ್ತಿ ಅದಕ್ಕಿಲ್ಲ. ಬರೆಯಬಲ್ಲ ಖಾಲಿ ಚಿಪ್‌ಗೆ ಅದೇ ಸಂಖ್ಯೆಯನ್ನು ತುಂಬಿದರೆ ನಕಲು ಸಿದ್ಧ. ಅದಕ್ಕೆ ಬೇಕಾದ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟೇ ಇದೆ, ತಗಲುವ ಸಮಯ ಕೆಲವೇ ಸೆಕೆಂಡು.

ಎರಡನೆಯದು 13.56 ಮೆಗಾಹರ್ಟ್ಸ್ ವಂಶ. ಇಲ್ಲಿ ಚಿಪ್‌ಗಳಿಗೆ ಬುದ್ಧಿ ಹೆಚ್ಚು, ಆದರೆ ಇತಿಹಾಸ ಅಷ್ಟು ನಿರ್ಮಲವಾಗಿಲ್ಲ. 1994ರಲ್ಲಿ ಬಂದ ಮೈಫೇರ್ ಕ್ಲಾಸಿಕ್ ಎಂಬ ಚಿಪ್ ಬಸ್ಸು, ರೈಲು, ಕಚೇರಿ, ವಸತಿ ಕಟ್ಟಡಗಳಲ್ಲೆಲ್ಲ ಜಗತ್ತಿನಾದ್ಯಂತ ಹರಡಿತು. ಅದರ ಕಾವಲಿಗೆ ಇದ್ದದ್ದು 48 ಬಿಟ್ ಉದ್ದದ ಗುಪ್ತ ಕೀಲಿ, ಜೊತೆಗೆ ಕ್ರಿಪ್ಟೋ1 ಎಂಬ ಗೂಢಲಿಪಿ. ಈ ಲಿಪಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೇ ತಯಾರಕರು ಗುಟ್ಟಾಗಿಟ್ಟಿದ್ದರು. ಕಾರ್ಸ್ಟನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಸ್ ಚಿಪ್ಪನ್ನು ಪದರ ಪದರವಾಗಿ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಅದರೊಳಗಿನ ವಿದ್ಯುನ್ಮಂಡಲಗಳ ಜಾಡು ಹಿಡಿದು ಆ ಗುಟ್ಟನ್ನು ಬಿಡಿಸಿ 2007ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ವಿವರಿಸಿದರು. ಮರುವರ್ಷ ನೆದರ್‌ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಮುಂದೆ ಹೋದರು. ಅವರ ಪ್ರಬಂಧ ಪ್ರಕಟವಾಗದಂತೆ ತಡೆಯಲು ತಯಾರಕ ಸಂಸ್ಥೆ ಎನ್‌ಎಕ್ಸ್‌ಪಿ ನ್ಯಾಯಾಲಯದ ಮೆಟ್ಟಿಲೇರಿತು. 2008ರ ಜುಲೈನಲ್ಲಿ ಅರ್ನ್‌ಹೆಮ್‌ನ ನ್ಯಾಯಾಲಯ ಆ ಕೋರಿಕೆಯನ್ನು ತಳ್ಳಿಹಾಕಿತು. ಇಷ್ಟೆಲ್ಲ ಆಗಿ ವರ್ಷಗಳು ಕಳೆದರೂ ಅದೇ ಚಿಪ್ ಇಂದಿಗೂ ಎಷ್ಟೋ ಬಾಗಿಲುಗಳನ್ನು ಕಾಯುತ್ತಿದೆ. ರೀಡರ್, ಕಂಟ್ರೋಲರ್, ನೂರಾರು ಫಾಬ್‌ಗಳನ್ನು ಒಮ್ಮೆಲೇ ಬದಲಾಯಿಸುವ ಖರ್ಚಿಗೆ ಯಾವ ಕಟ್ಟಡದವರೂ ಮನಸ್ಸಾರೆ ಒಪ್ಪುವುದಿಲ್ಲ.

ಈಗಿನ ಒಳ್ಳೆಯ ಚಿಪ್‌ಗಳು, ಉದಾಹರಣೆಗೆ ಡೆಸ್‌ಫೈರ್ ಸರಣಿಯವು, ಬೇರೆ ರೀತಿಯಲ್ಲಿ ವರ್ತಿಸುತ್ತವೆ. ರೀಡರ್ ಪ್ರತಿ ಸಲವೂ ಹೊಸದೊಂದು ಯಾದೃಚ್ಛಿಕ ಸಂಖ್ಯೆಯನ್ನು ಸವಾಲಾಗಿ ಎಸೆಯುತ್ತದೆ. ಚಿಪ್ ತನ್ನೊಳಗಿನ ಗುಪ್ತ ಕೀಲಿಯನ್ನು ಬಳಸಿ, ಎಇಎಸ್‌ನಂಥ ಬಹಿರಂಗವಾಗಿ ಪರೀಕ್ಷೆಗೊಳಪಟ್ಟ ಗೂಢಲಿಪಿಯಲ್ಲಿ ಅದಕ್ಕೆ ಉತ್ತರ ಕಟ್ಟುತ್ತದೆ. ಕೀಲಿ ಚಿಪ್‌ನಿಂದ ಹೊರಗೆ ಬರುವುದೇ ಇಲ್ಲ. ಇಂದಿನ ಉತ್ತರವನ್ನು ಕದ್ದು ಕೇಳಿದವನಿಗೆ ನಾಳೆ ಅದರಿಂದ ಪ್ರಯೋಜನವಿಲ್ಲ, ನಾಳೆಯ ಸವಾಲೇ ಬೇರೆ.

ಇಲ್ಲೊಂದು ವಿಚಿತ್ರವನ್ನು ಹೇಳಲೇಬೇಕು. ಇಂಥ ಗಟ್ಟಿ ಚಿಪ್‌ಗಳನ್ನೇ ಕೊಂಡುತಂದು, ಅವುಗಳ ಸವಾಲು-ಉತ್ತರದ ಸೌಲಭ್ಯವನ್ನು ಬಳಸದೆ, ಚಿಪ್ ಮೊದಲಿಗೆ ಎಲ್ಲರಿಗೂ ಹೇಳುವ ತಯಾರಿಕಾ ಸಂಖ್ಯೆಯನ್ನಷ್ಟೇ ಓದುವಂತೆ ರೀಡರನ್ನು ಅಳವಡಿಸುವುದು ಸರ್ವೇಸಾಮಾನ್ಯ. ಅಳವಡಿಸುವವರಿಗೆ ಅದು ಸುಲಭ, ಬಾಗಿಲಂತೂ ತೆರೆಯುತ್ತದೆ, ಯಾರೂ ಕೇಳುವುದಿಲ್ಲ. ದುಬಾರಿ ಫಾಬ್ ಕೊಟ್ಟು ಅಗ್ಗದ ಫಾಬ್‌ನ ಭದ್ರತೆ ಪಡೆದಂತಾಯಿತು. ನಿರ್ವಹಣಾ ಸಮಿತಿಯ ಸಭೆಯಲ್ಲಿ ನಿವಾಸಿಯೊಬ್ಬರು ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದು: ‘ನಮ್ಮ ರೀಡರ್‌ಗಳು ಚಿಪ್‌ನ ಬರಿಯ ಸಂಖ್ಯೆಯನ್ನು ಓದುತ್ತವೆಯೋ, ಕೀಲಿಯನ್ನೂ ಪರೀಕ್ಷಿಸುತ್ತವೆಯೋ?’ ಉತ್ತರ ಹೇಳಲು ಅಳವಡಿಸಿದವರು ತಡವರಿಸಿದರೆ ಪರಿಸ್ಥಿತಿ ಏನೆಂದು ಊಹಿಸಬಹುದು.

ಇಷ್ಟು ತಿಳಿದ ಮೇಲೆ ನಕಲು ಮಾಡಿಸಬೇಡಿ ಎಂಬ ನಿಯಮದ ಅರ್ಥ ಬೇರೆಯಾಗಿಯೇ ಕಾಣುತ್ತದೆ. ಹೆಚ್ಚುವರಿ ಫಾಬ್‌ಗೆ ಸಮಿತಿ ಹಣ ಕೇಳುತ್ತದೆ, ಅಂಗಡಿಯಲ್ಲಿ ಅಗ್ಗವಾಗಿ ಆಗುತ್ತದೆ ಎಂಬ ಲೆಕ್ಕಾಚಾರಕ್ಕೆ ಎಷ್ಟೋ ಜನ ಬೀಳುತ್ತಾರೆ. ನಕಲು ಫಾಬ್ ಹೊಸ ಫಾಬ್ ಅಲ್ಲ, ಅದೇ ಸಂಖ್ಯೆಯ ಇನ್ನೊಂದು ಬಾಯಿ. ಅದು ಕಳೆದುಹೋದರೆ ಅದನ್ನೊಂದನ್ನೇ ರದ್ದು ಮಾಡುವುದು ಅಸಾಧ್ಯ; ಸಂಖ್ಯೆಯನ್ನು ಪಟ್ಟಿಯಿಂದ ತೆಗೆದರೆ ಮೂಲವೂ ಸಾಯುತ್ತದೆ. ನಕಲು ಯಾರ ಕೈಗೆ ಹೋಯಿತೋ ಅವರ ಓಡಾಟವೆಲ್ಲ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ. ನಕಲು ಮಾಡಿದ ಯಂತ್ರದಲ್ಲಿ ಆ ಸಂಖ್ಯೆ ಉಳಿದುಕೊಂಡಿತೇ ಎಂಬುದೂ ನಿಮಗೆ ತಿಳಿಯದು. ಸಮಿತಿಯಿಂದ ಪಡೆದ ಎರಡನೆಯ ಫಾಬ್‌ಗೆ ತನ್ನದೇ ಸಂಖ್ಯೆ ಇರುತ್ತದೆ. ಬೇಡವಾದ ದಿನ ಅದನ್ನು ಮಾತ್ರ ಕಿತ್ತುಹಾಕಬಹುದು. ಕೊಡುವ ಹಣ ಈ ಸೌಲಭ್ಯಕ್ಕೆ, ಪ್ಲಾಸ್ಟಿಕ್‌ಗಲ್ಲ.

ಲೋಹದ ಕೀಲಿಗಿಂತ ಫಾಬ್ ನಿಜವಾಗಿ ಮೇಲಾಗಿರುವುದು ಈ ರದ್ದತಿಯ ವಿಷಯದಲ್ಲಿ. ಮುಖ್ಯ ಬಾಗಿಲ ಲೋಹದ ಕೀಲಿಯೊಂದು ಕಳೆದರೆ ಬೀಗವನ್ನೇ ಬದಲಾಯಿಸಿ ಪ್ರತಿ ಮನೆಗೂ ಹೊಸ ಕೀಲಿ ಹಂಚಬೇಕು. ಫಾಬ್ ಕಳೆದರೆ ಪಟ್ಟಿಯ ಒಂದು ಸಾಲನ್ನು ಅಳಿಸಿದರೆ ಮುಗಿಯಿತು. ಆದರೆ ಕಳೆದದ್ದನ್ನು ಯಾರಾದರೂ ಹೇಳಬೇಕಲ್ಲ! ಜನ ಹೇಳುವುದಿಲ್ಲ. ಎಲ್ಲೋ ಇರುತ್ತದೆ, ಇನ್ನೊಂದು ಚೀಲದಲ್ಲಿ ನೋಡೋಣ, ಭಾನುವಾರ ಹುಡುಕೋಣ ಎಂದು ದಿನ ದೂಡುತ್ತಾರೆ. ಬದಲಿ ಫಾಬ್‌ಗೆ ದಂಡ ತೆರಬೇಕಾದ ಕಡೆ ಇನ್ನಷ್ಟು ತಡ ಮಾಡುತ್ತಾರೆ, ಮನೆಯವರ ಫಾಬ್ ಹಂಚಿಕೊಂಡು ತಿಂಗಳುಗಟ್ಟಲೆ ಕಾಲ ಹಾಕುತ್ತಾರೆ. ಅಷ್ಟೂ ದಿನ ಯಾರ ಕೈಯಲ್ಲಿದೆಯೆಂದು ಗೊತ್ತಿಲ್ಲದ ಸಂಖ್ಯೆಯೊಂದಕ್ಕೆ ಇಡೀ ಕಟ್ಟಡ ಬಾಗಿಲು ತೆರೆದಿರುತ್ತದೆ. ಕಳೆದದ್ದನ್ನು ತಿಳಿಸಿದ್ದಕ್ಕೆ ದಂಡ ಹಾಕುವ ಸಮಿತಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹೊಸ ಫಾಬ್‌ನ ಅಸಲು ಬೆಲೆ ಪಡೆಯುವುದು ಸರಿ, ಅದರ ಮೇಲೆ ಶಿಕ್ಷೆ ಹೇರಿದರೆ ಮೌನವನ್ನು ಕೊಂಡುಕೊಂಡಂತೆ.

ತಾತ್ಕಾಲಿಕ ರದ್ದತಿ ಎಂಬುದೂ ಇದೆ, ಬಹಳ ಜನ ಅದನ್ನು ಕೇಳುವುದೇ ಇಲ್ಲ. ಫಾಬ್ ಕಾಣುತ್ತಿಲ್ಲ, ಸಿಗುವ ಸಾಧ್ಯತೆ ಇದೆ ಎಂದಾದರೆ ‘ಸದ್ಯಕ್ಕೆ ನಿಲ್ಲಿಸಿಡಿ’ ಎನ್ನಬಹುದು. ಸಿಕ್ಕಿದ ಮೇಲೆ ಅದೇ ಸಂಖ್ಯೆಯನ್ನು ಮತ್ತೆ ಜೀವಂತಗೊಳಿಸಬಹುದು. ಫಾಬ್ ಮೇಲೆ ಮನೆ ಸಂಖ್ಯೆ, ಕಟ್ಟಡದ ಹೆಸರು ಬರೆದುಕೊಳ್ಳುವ ಅಭ್ಯಾಸ ಮಾತ್ರ ಬೇಡ. ದಾರಿಯಲ್ಲಿ ಸಿಕ್ಕವನಿಗೆ ಹೆಸರಿಲ್ಲದ ಬಿಲ್ಲೆಯಿಂದ ಏನೂ ಉಪಯೋಗವಿಲ್ಲ. ವಿಳಾಸ ಬರೆದ ಬಿಲ್ಲೆ ಆಹ್ವಾನಪತ್ರಿಕೆ.

ರದ್ದತಿ ಎಷ್ಟು ಬೇಗ ಜಾರಿಗೆ ಬರುತ್ತದೆ ಎಂಬುದು ಬಾಗಿಲ ಮೇಲೆ ಅವಲಂಬಿತ. ಜಾಲಕ್ಕೆ ಸೇರಿದ ಕಂಟ್ರೋಲರ್ ಆದರೆ ಕ್ಷಣಗಳ ಕೆಲಸ. ಸೈಕಲ್ ಕೋಣೆ, ತಾರಸಿ, ಸಾಮಾನು ಕೋಣೆಗಳಲ್ಲಿ ಬ್ಯಾಟರಿಯಿಂದ ನಡೆಯುವ ಬಿಡಿ ಬೀಗಗಳಿರುವುದುಂಟು. ಅವಕ್ಕೆ ಯಾವ ಜಾಲವೂ ಇಲ್ಲ. ಯಾರಾದರೂ ಯಂತ್ರ ಹಿಡಿದು ಒಂದೊಂದೇ ಬೀಗದ ಹತ್ತಿರ ಹೋಗಿ ಪಟ್ಟಿ ತಿದ್ದಬೇಕು. ಕೆಲವು ವ್ಯವಸ್ಥೆಗಳಲ್ಲಿ ಇದಕ್ಕೊಂದು ಜಾಣ ಉಪಾಯವಿದೆ: ಅನುಮತಿಯ ಅವಧಿಯನ್ನು ಫಾಬ್‌ನೊಳಗೇ ಬರೆದಿಡುತ್ತಾರೆ, ಮುಖ್ಯ ಬಾಗಿಲ ರೀಡರ್ ಪ್ರತಿ ಸಲ ಅದನ್ನು ನವೀಕರಿಸುತ್ತದೆ. ನವೀಕರಣವಾಗದ ಫಾಬ್ ಕೆಲ ದಿನಗಳಲ್ಲಿ ತಾನಾಗಿಯೇ ನಿಷ್ಕ್ರಿಯವಾಗುತ್ತದೆ. ದೀರ್ಘ ಪ್ರವಾಸ ಮುಗಿಸಿ ಬಂದವರು ಹಿಂಬಾಗಿಲಿನಿಂದ ಒಳಹೋಗಲಾರದೆ ಒದ್ದಾಡುವುದಕ್ಕೆ ಎಷ್ಟೋ ಸಲ ಇದೇ ಕಾರಣ; ಮುಖ್ಯ ಬಾಗಿಲಲ್ಲಿ ಒಮ್ಮೆ ತೋರಿಸಿದರೆ ಸರಿಹೋಗುತ್ತದೆ.

ಎರವಲು ಕೊಡುವ ವಿಷಯ ಇನ್ನಷ್ಟು ನಾಜೂಕು. ಮನೆಗೆಲಸಕ್ಕೆ ಬರುವವರಿಗೆ, ನೆಂಟರಿಗೆ, ವಾರಕ್ಕೊಮ್ಮೆ ಗಿಡಕ್ಕೆ ನೀರು ಹಾಕುವ ಸ್ನೇಹಿತರಿಗೆ ಸ್ವಂತ ಫಾಬ್ ಕೊಟ್ಟುಬಿಡುವುದು ಸಹಜ. ಕೊಟ್ಟವರ ನಂಬಿಕೆ ತಪ್ಪೆಂದು ಹೇಳಲಾಗದು. ಆದರೆ ನಿಮ್ಮ ಫಾಬ್‌ನಿಂದ ಏನೇನು ತೆರೆಯುತ್ತದೆ ಎಂದು ಲೆಕ್ಕ ಹಾಕಿ ನೋಡಿ: ಮುಖ್ಯ ಬಾಗಿಲು, ಲಿಫ್ಟ್, ವಾಹನ ನಿಲ್ದಾಣ, ಪ್ರಾಯಶಃ ವ್ಯಾಯಾಮ ಕೋಣೆ, ತಾರಸಿ. ಇಪ್ಪತ್ತನಾಲ್ಕು ಗಂಟೆಯೂ. ಬಂದವರಿಗೆ ಬೇಕಾದದ್ದು ಒಂದು ಬಾಗಿಲು, ಒಂದೆರಡು ತಾಸು. ಇಂಥ ಅಗತ್ಯಕ್ಕೆಂದೇ ಬಹುತೇಕ ವ್ಯವಸ್ಥೆಗಳಲ್ಲಿ ವಾರ, ಹೊತ್ತು, ಬಾಗಿಲುಗಳನ್ನು ಗೊತ್ತುಮಾಡಿ ಪ್ರತ್ಯೇಕ ಫಾಬ್ ಕೊಡಲು ಸಾಧ್ಯವಿದೆ. ಅದು ಕೆಲಸದವರಿಗೂ ರಕ್ಷಣೆ. ಕಟ್ಟಡದಲ್ಲಿ ಏನೋ ಕಳುವಾಯಿತು ಎಂದಾಗ ಮೊದಲು ಬೆರಳು ತಿರುಗುವುದು ಅವರ ಕಡೆಗೆ. ತಮ್ಮದೇ ಸಂಖ್ಯೆಯಲ್ಲಿ ಆ ಹೊತ್ತಿಗೆ ಪ್ರವೇಶವೇ ಇಲ್ಲ ಎಂದು ದಾಖಲೆ ಹೇಳಿದರೆ ಅವರ ಪರ ಒಂದು ಸಾಕ್ಷಿ ಸಿಕ್ಕಂತೆ. ಮಾಲೀಕರ ಫಾಬ್‌ನಲ್ಲಿ ಓಡಾಡಿದವರಿಗೆ ಆ ಸಾಕ್ಷಿ ಇಲ್ಲ.

ಇನ್ನು ಹಿಂದಿನವರಿಗೆ ಬಾಗಿಲು ಹಿಡಿಯುವ ಪ್ರಶ್ನೆ. ಎಷ್ಟೇ ಗಟ್ಟಿ ಚಿಪ್ ಇರಲಿ, ಅದನ್ನು ಸೋಲಿಸಲು ಎರಡೂ ಕೈಯಲ್ಲಿ ಚೀಲ ಹಿಡಿದು ನಗುತ್ತ ಹಿಂದೆ ನಿಂತರೆ ಸಾಕು. ಮುಖದ ಮೇಲೆ ಬಾಗಿಲು ಹಾಕಲು ಯಾರಿಗೂ ಮನಸ್ಸು ಬಾರದು. ಅಪರಿಚಿತರನ್ನು ತಡೆದು ವಿಚಾರಿಸಿ ಎಂದು ಫಲಕ ಹಾಕುವುದು ಸುಲಭ, ಪಾಲಿಸುವುದು ಕಷ್ಟ. ಕೆಲವೊಮ್ಮೆ ಅಪಾಯಕಾರಿಯೂ ಹೌದು. ಅದಕ್ಕಿಂತ ‘ಯಾರ ಮನೆಗೆ ಬಂದಿದ್ದೀರಿ? ಇಲ್ಲಿಂದ ಕರೆ ಮಾಡಬಹುದು’ ಎಂದು ಕರೆಗಂಟೆಯ ಫಲಕ ತೋರಿಸುವ ಸೌಜನ್ಯ ಹೆಚ್ಚು ಕೆಲಸ ಮಾಡುತ್ತದೆ. ಪರಿಚಿತ ನೆರೆಯವರ ಜೊತೆ ಬಂದಾಗಲೂ ಇಬ್ಬರೂ ತಂತಮ್ಮ ಫಾಬ್ ತೋರಿಸುವ ರೂಢಿಯಿದ್ದರೆ, ತಡೆದವರು ಒರಟರಂತೆ ಕಾಣುವ ಮುಜುಗರ ತಪ್ಪುತ್ತದೆ. ಮನೆ ಬಿಟ್ಟುಹೋದವರೂ ನಮಗೆ ಪರಿಚಿತರೇ ತಾನೆ.

ಸಾಮಾನು ಸಾಗಿಸುವಾಗ ಬಾಗಿಲಿಗೆ ಇಟ್ಟಿಗೆ ಒತ್ತಿಡುವವರು ಒಂದು ಬಗೆ. ಬೀಗದ ಮೇಲೆ ಅಂಟುಪಟ್ಟಿ ಹಚ್ಚುವವರು, ರಟ್ಟು ಮಡಿಸಿ ಸಿಕ್ಕಿಸುವವರು ಇನ್ನೊಂದು ಬಗೆ, ಹೆಚ್ಚು ಹಾನಿ ಇವರಿಂದ. ವಿದ್ಯುತ್ಕಾಂತ ಬೀಗದಲ್ಲಿ ಚೌಕಟ್ಟಿನ ಕಾಂತವೂ ಬಾಗಿಲ ಉಕ್ಕಿನ ತಟ್ಟೆಯೂ ಒಂದಕ್ಕೊಂದು ಪೂರ್ತಿ ತಾಗಿದಾಗ ಮಾತ್ರ ಪೂರ್ಣ ಬಲ ಬರುತ್ತದೆ. ಸಾಮಾನ್ಯ ಬೀಗಗಳ ಹಿಡಿತ ಸುಮಾರು 270 ಅಥವಾ 540 ಕಿಲೋಗ್ರಾಂ ಎಂದು ಹೇಳಲಾಗುತ್ತದೆ. ನಡುವೆ ತೆಳುವಾದೊಂದು ರಟ್ಟು ಬಂದರೆ ಆ ಬಲದ ಬಹುಪಾಲು ಮಾಯ. ನೋಡಲು ಬಾಗಿಲು ಮುಚ್ಚಿದೆ, ತಳ್ಳಿದರೆ ತೆರೆದುಕೊಳ್ಳುತ್ತದೆ. ತೆರೆದಿಟ್ಟ ಬಾಗಿಲು ಕಣ್ಣಿಗಾದರೂ ಬೀಳುತ್ತದೆ, ಇದು ಬೀಳುವುದಿಲ್ಲ.

ವಿದ್ಯುತ್ ಹೋದರೆ ಏನಾಗುತ್ತದೆ ಎಂದು ಪ್ರತಿಯೊಬ್ಬ ನಿವಾಸಿಗೂ ಗೊತ್ತಿರಬೇಕು. ವಿದ್ಯುತ್ಕಾಂತ ಬೀಗ ವಿದ್ಯುತ್ ನಿಂತ ಕೂಡಲೇ ಬಿಟ್ಟುಕೊಳ್ಳುತ್ತದೆ. ಹೆಚ್ಚಿನ ಕಡೆ ಒಂದಿಷ್ಟು ಹೊತ್ತಿಗೆ ಬ್ಯಾಟರಿ ಬೆಂಬಲ ಇರುತ್ತದೆ. ಚೌಕಟ್ಟಿನಲ್ಲಿ ಕೂರುವ ಸ್ಟ್ರೈಕ್ ಬಗೆಯ ಬೀಗಗಳಲ್ಲಿ ಹಲವು ಹೊರಗಿನಿಂದ ಮುಚ್ಚಿಯೇ ಇರುತ್ತವೆ, ಒಳಗಿನ ಹಿಡಿಕೆ ತಿರುಗಿಸಿದರೆ ತೆರೆಯುತ್ತವೆ. ಬೆಂಕಿ ಬಿದ್ದಾಗ ಹೊರಗೆ ಓಡುವವರು ಫಾಬ್ ಹುಡುಕುತ್ತ ನಿಲ್ಲುವಂತಿರಬಾರದು. ಬಹುತೇಕ ಕಡೆಗಳ ಅಗ್ನಿಸುರಕ್ಷತಾ ನಿಯಮಗಳ ತಿರುಳೇ ಅದು. ಒಳಗಿನಿಂದ ಒತ್ತುವ ಗುಂಡಿ, ತುರ್ತಿನಲ್ಲಿ ಒತ್ತಿ ಮುರಿಯುವ ಹಸಿರು ಪೆಟ್ಟಿಗೆ ಎಲ್ಲಿವೆ ಎಂದು ಮಕ್ಕಳಿಗೂ ತೋರಿಸಿಡಿ. ಹೊರಹೋಗುವುದಕ್ಕೂ ಫಾಬ್ ಕೇಳುವ, ಬೇರೆ ದಾರಿಯೇ ಇಲ್ಲದ ಬಾಗಿಲು ಕಂಡರೆ ಅದನ್ನು ಬರವಣಿಗೆಯಲ್ಲಿ ದೂರಬೇಕು.

ದಾಖಲೆಯ ವಿಷಯಕ್ಕೆ ಬಂದರೆ ಜವಾಬ್ದಾರಿ ತಲೆಕೆಳಗಾಗುತ್ತದೆ. ಇಲ್ಲಿ ಎಚ್ಚರವಾಗಿರಬೇಕಾದವರು ನಿರ್ವಹಣೆಯವರು. ಒಂದು ಮನೆಯವರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಯಾವ ರಾತ್ರಿ ತಡವಾಗಿ ಬರುತ್ತಾರೆ, ಯಾವ ವಾರ ಊರಲ್ಲಿಲ್ಲ ಎಂಬುದೆಲ್ಲ ಆ ಸಾಲುಗಳಲ್ಲಿ ಇದೆ. ಕಳ್ಳನಿಗೂ ಅದು ಬೇಕು, ಕುತೂಹಲದ ನೆರೆಯವರಿಗೂ ಬೇಕು, ಸಂಗಾತಿಯ ಮೇಲೆ ಕಣ್ಣಿಡುವವರಿಗೂ ಬೇಕು. ದಾಖಲೆಯನ್ನು ಯಾರು ನೋಡಬಹುದು, ಯಾವ ಕಾರಣಕ್ಕೆ, ಎಷ್ಟು ದಿನ ಇಟ್ಟು ಅಳಿಸುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಇರಬೇಕು. ಕಸದ ಜಗಳ, ಬಾಡಿಗೆದಾರರ ಅತಿಥಿಗಳ ಲೆಕ್ಕ, ಸಮಿತಿ ಚುನಾವಣೆಯ ಜಿದ್ದು ಇವುಗಳಿಗಾಗಿ ದಾಖಲೆ ತೆಗೆದು ಓದುವುದು ದುರುಪಯೋಗವೇ. ಕಳುವಿನಂಥ ನಿಜವಾದ ಪ್ರಕರಣದಲ್ಲೂ ‘ಫಾಬ್ ಬಳಕೆಯಾಗಿದೆ’ ಎಂಬ ಸಾಲು ‘ಈ ವ್ಯಕ್ತಿ ಬಂದಿದ್ದ’ ಎಂಬ ಸಾಕ್ಷ್ಯವಾಗದು. ಎರವಲು, ನಕಲು, ಕಳವು ಮೂರಕ್ಕೂ ಅಲ್ಲಿ ಜಾಗವಿದೆ.

ಫಾಬ್ ಬದಲಿಗೆ ಮೊಬೈಲನ್ನೇ ತೋರಿಸುವ ವ್ಯವಸ್ಥೆಗಳು ಬರುತ್ತಿವೆ. ಮೊಬೈಲಿಗೆ ಅದರದೇ ಬೀಗ ಇರುವುದರಿಂದಲೂ, ಅದು ಕಳೆದರೆ ಜನ ತಕ್ಷಣ ಗಾಬರಿಯಾಗುವುದರಿಂದಲೂ ಒಂದು ಹೆಜ್ಜೆ ಮೇಲು. ಹಳೆಯ ಮೊಬೈಲನ್ನು ಮಾರುವ ಮೊದಲು ಬಾಗಿಲ ಅನುಮತಿಯನ್ನು ಅದರಿಂದ ತೆಗೆಸಿರಬೇಕು, ಅಷ್ಟೆ.

ಮನೆ ಖಾಲಿ ಮಾಡುವಾಗ ಎಷ್ಟು ಫಾಬ್ ಪಡೆದಿದ್ದೆವೋ ಅಷ್ಟನ್ನೂ ಹಿಂದಿರುಗಿಸಿ, ಸಂಖ್ಯೆಗಳನ್ನು ನಮೂದಿಸಿದ ರಸೀದಿ ಪಡೆಯುವುದು ಕ್ರಮ. ಬಿಲ್ಲೆ ಕೊಟ್ಟರೆ ಸಾಲದು, ನಿಮ್ಮ ಹೆಸರಿನಿಂದ ಆ ಸಂಖ್ಯೆಗಳನ್ನು ತೆಗೆದಿದ್ದಾರೆಯೇ ಎಂದು ಕೇಳಿ. ತೆಗೆಯದಿದ್ದರೆ ಮುಂದಿನ ಬಾಡಿಗೆದಾರರು ಅದೇ ಫಾಬ್ ಹಿಡಿದು ನಿಮ್ಮ ಹೆಸರಿನಲ್ಲೇ ಓಡಾಡುತ್ತಿರುತ್ತಾರೆ. ಹೊಸದಾಗಿ ಬಂದವರ ಪ್ರಶ್ನೆ ಇದರ ಇನ್ನೊಂದು ಮಗ್ಗುಲು: ಈ ಮನೆಯ ಹೆಸರಿನಲ್ಲಿ ಒಟ್ಟು ಎಷ್ಟು ಸಂಖ್ಯೆಗಳು ಚಾಲ್ತಿಯಲ್ಲಿವೆ? ನಿಮ್ಮ ಕೈಗೆ ಬಂದದ್ದು ಎರಡು, ಪಟ್ಟಿಯಲ್ಲಿರುವುದು ನಾಲ್ಕು ಎಂದಾದರೆ ಉಳಿದೆರಡನ್ನು ಅಲ್ಲೇ ನಿಂತು ರದ್ದು ಮಾಡಿಸಿಕೊಂಡು ಬನ್ನಿ.